ಜಂತ್ರಡಿ

ಉಪ್ಪನ್ನು ಮಣ್ಣಿನಿಂದ ಯಾರೂ ಹೆಕ್ಕಿ ತೆಗೆಯಲಾರರು.
ಗದ್ದೆಯ ಮಟ್ಟಿಗೆ ಇದು ನನಗೆ
ಹಾಲುಹಲ್ಲು ಬೀಳುವ ಮೊದಲೇ ಗೊತ್ತಿತ್ತು.

ಅಘನಾಶಿನಿ ಕಡಲಿಗೆ ಬಾಯಿ ತೆರೆಯುವಲ್ಲಿ
ನಮ್ಮ ಗಜನಿ.
ಅಪ್ಪ ಜಂತ್ರಡಿಯ ಹಲಗೆ ಕಾಯುತ್ತಿದ್ದ:
ಭರತಕ್ಕೆ ಇಳಿಸು, ಇಳಿತಕ್ಕೆ ಎತ್ತು,
ನಡುವೆ ಒಂದು ಬೀಡಿ, ಒಂದು ನಮೋಮರಿಯಾ.

ಅಪ್ಪ ತೀರಿದ ಮೇಲೆ ಹಲಗೆ ಅಣ್ಣನ ಕೈಗೆ ಬಂತು.
ಸಿಗಡಿ ಗುತ್ತಿಗೆಯವನ ಹಣವೂ ಬಂತು.
ಸಾಂತಾನ್ ಲೆಕ್ಕ ತಿರುವಿಹಾಕಿದ:
ಭರತಕ್ಕೆ ಎತ್ತಿದ, ಇಳಿತಕ್ಕೆ ಇಳಿಸಿದ.
ಮೂರು ವರ್ಷ ಕಡಲು ಒಳಗೆ ಬಂದು ಕೂತಿತು,
ಎದ್ದು ಹೋಗುವ ಮಾತೇ ಆಡದ ನೆಂಟನ ಹಾಗೆ.
ಬಿತ್ತಲು ಸಹ ಕಗ್ಗ ಉಳಿಯಲಿಲ್ಲ ಮನೆಯಲ್ಲಿ.
ಅಮ್ಮ ಅಂಗಡಿ ಅಕ್ಕಿಯ ಗಂಜಿ ಕುಡಿದೇ ಸತ್ತಳು,
"ರುಚಿಯೇ ಇಲ್ಲವಲ್ಲೇ ಇಸ್ಬೆಲ್" ಅನ್ನುತ್ತ.

ಕ್ಷಮಿಸಬೇಕು, ಅಂದರು ಪಾದ್ರಿ.
ಸರಿ, ಅಂದೆ. ಕೆಲಸಕ್ಕೆ ಹಿಂಜರಿಯುವವಳಲ್ಲ ನಾನು.
ಮಗ್ಗಿ ಕಲಿತ ಹಾಗೆ ಕ್ಷಮೆ ಕಲಿಯಲು ಕೂತೆ.
ಇನ್ನೂರು ಪುಟದ ನೋಟುಬುಕ್ಕು ತಂದು
ದಿನಕ್ಕೊಂದು ಗೀಟು ಎಳೆದೆ:
ಇವತ್ತು ಬಯ್ಯಲಿಲ್ಲ.
ಇವತ್ತು ಮನಸ್ಸಿನಲ್ಲೂ ಬಯ್ಯಲಿಲ್ಲ, ಮಧ್ಯಾಹ್ನದ ತನಕ.
ತಪಸ್ಸುಕಾಲ ಪೂರ್ತಿ ಮೀನು ಬಿಟ್ಟೆ.
ಮೀನು ಬಿಡುವುದು ಕುಮಟೆಯಲ್ಲಿ
ಸಣ್ಣ ಮಾತಲ್ಲ ದೇವರೇ, ನಿನಗೂ ಗೊತ್ತು.

ನಲವತ್ತನೆಯ ಗೀಟಿನ ಸಂಜೆ
ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಎದುರಾದ,
ಹೊಸ ಅಂಗಿ.
ಚೀಲ ಹಿಡಿದ ನನ್ನ ಕೈ ನಡುಗಿತು.
ನಲವತ್ತು ಗೀಟಿನಲ್ಲಿ ಒಂದಾದರೂ
ನೆರವಿಗೆ ಬರಬೇಕಲ್ಲ.

ಮನೆಗೆ ಬಂದು ನೋಟುಬುಕ್ಕನ್ನು ಒಲೆಗೆ ಹಾಕಲಿಲ್ಲ,
ಹಾಗೆಲ್ಲ ಮಾಡುವುದು ನಾಟಕದಲ್ಲಿ.
ಉಳಿದ ಪುಟಕ್ಕೆ ಹಾಲಿನ ಲೆಕ್ಕ ಬರೆದೆ.
ರಾತ್ರಿ ಮೊಣಕಾಲೂರಿ ಒಂದೇ ಮಾತು ಹೇಳಿದೆ:
ನನ್ನಿಂದ ಆಗಲಿಲ್ಲ.
ಶಿಲುಬೆಯ ಗುರುತು ಎಡಭುಜ ಮುಟ್ಟುವ ಮೊದಲೇ
ನಿದ್ದೆ ಬಂತು.

ಮೇ ಕೊನೆಗೆ ಕಟ್ಟೆ ಸಂಘದವರು
ಅಣ್ಣನಿಂದ ಹಲಗೆ ಕಸಿದು ನನಗೆ ಕೊಟ್ಟರು.
ಆಚೆ ದಂಡೆಯಿಂದ ಎರಡು ಕೊಳಗ ಕಗ್ಗ ಕಡ ತಂದೆ.
ಮಣ್ಣು ನಾಲಿಗೆಗಿಟ್ಟು ನೋಡಿದೆ. ಕಡಲೇ.
ಬುದ್ದು ಗೌಡ್ತಿ ಕಟ್ಟೆಯ ಮೇಲೆ ನಿಂತು ನಕ್ಕಳು:
"ಎಂತಕ್ಕೆ ನೆಕ್ಕೂದು ಮಾರಾಯ್ತಿ?
ತೊಳ್ಯೂದು ನಿನ್ನ ಕೆಲ್ಸ ಅಲ್ಲ.
ಮಳೆ ಬಂದಾಗ ಹಲಗೆ ಎತ್ತು,
ಹೋಗ್ವ ನೀರಿಗೆ ದಾರಿ ಬಿಡು. ಅಷ್ಟೇಯ."

ಜೂನ್ ಹನ್ನೊಂದರ ರಾತ್ರಿ ಆಕಾಶ ಹರಿಯಿತು.
ಇಳಿತದ ಹೊತ್ತು.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಲಗೆಗೆ ಕೈ ಹಾಕಿದೆ.
ಎರಡು ಎದ್ದವು.
ಮೂರನೆಯದು, ಚಿಪ್ಪು ಮೆತ್ತಿ ಉಬ್ಬಿದ್ದು,
ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಆಗ ಬೆಳಕಿನೊಳಕ್ಕೆ ಇನ್ನೆರಡು ಕೈ ಬಂದವು.
ಒಂದರಲ್ಲಿ ಕಿರುಬೆರಳಿಲ್ಲ.
ಇದೇ ಹಲಗೆಗೆ ಸಿಕ್ಕಿ ಹೋದದ್ದು,
ಅವನಿಗೆ ಹತ್ತು, ನನಗೆ ಐದು,
ನನ್ನನ್ನು ಆಚೆ ತಳ್ಳಿದ ದಿನ.

ಬಯ್ಯಲು ಬಾಯಿ ತೆರೆದೆ. ಟಾರ್ಚು ಬಿತ್ತು.
ಹುಡುಕಿದೆ. ಅಷ್ಟು ವರ್ಷ ಕೂಡಿಟ್ಟದ್ದು,
ಬಾಯಲ್ಲಿ ಏನೂ ಇರಲಿಲ್ಲ,
ಮಳೆ ಬಿಟ್ಟರೆ.
"ಸಮ ಹಿಡ್ಕ" ಅಂದೆ.

ಆ ವರ್ಷ ಅರ್ಧ ಪೈರು ಹಕ್ಕಿಗೇ ಹೋಯಿತು.
ಗುತ್ತಿಗೆ ಹಣದ ಮಾತು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ.
ಕೆಲವು ದಿನ ಸಿಟ್ಟು ಮತ್ತೆ ಬಾಗಿಲು ತಟ್ಟುತ್ತದೆ, ಭರತದ ಹಾಗೆ,
ಹೊತ್ತಿಗೆ ಸರಿಯಾಗಿ.

ಆದರೆ ಆ ರಾತ್ರಿ, ಮೂರನೆಯ ಹಲಗೆ ಎದ್ದ ಮೇಲೆ,
ಇಬ್ಬರೂ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೆವು.
ಬೀಡಿ ಹೊತ್ತಲಿಲ್ಲ.
ಕತ್ತಲಲ್ಲಿ ನೀರು ಹೊರಗೆ ಹೋಗುತ್ತಿತ್ತು,
ನಾನು ಸುಮ್ಮನೆ ಕೂತಿದ್ದ ಹಾಗೆಯೇ
ಉಪ್ಪು ಹೋಗುತ್ತಿತ್ತು.